ಹಳೇ ಸೋಡಾ ಮೆಷಿನ್ ತಣ್ಣಗೆ ಮಾಡ್ತಿಲ್ವಾ? ಗ್ಯಾಸ್ ಮುಟ್ಟುವ ಮೊದಲು ಇಷ್ಟು ನೋಡಿ

1950ರ ದಶಕದ, ತಂಪು ಸೋಡಾ ಬಾಟಲಿ ಕೊಡುವ ಮೆಷಿನ್ ತಣ್ಣಗೆ ಮಾಡುತ್ತಿಲ್ಲ ಎಂದರೆ ಸಾಕು, ಎಲ್ಲರೂ ಹೇಳುವುದು ಒಂದೇ: ತಂಪು ಮಾಡುವ ಗ್ಯಾಸ್ ಖಾಲಿಯಾಗಿದೆ, ತುಂಬಿಸಿ. ನಾನು ರಿಪೇರಿ ಮಾಡುವ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಆ ತೊಂದರೆಯೇ ಇರುವುದಿಲ್ಲ. ಗ್ಯಾಸ್ ಓಡಾಡುವ ಪೈಪುಗಳೆಲ್ಲ ಬೆಸುಗೆ ಹಾಕಿ ಮುಚ್ಚಿದಂಥವು. ಎಲ್ಲೋ ಸೋರದೆ ಗ್ಯಾಸ್ ಕಡಿಮೆಯಾಗುವುದಿಲ್ಲ. ಸುಮ್ನೆ ಚುಚ್ಚಿ ತುಂಬಿಸಲು ಹೋದರೆ ಗಟ್ಟಿಮುಟ್ಟಾಗಿದ್ದ ಪೈಪಿಗೂ ಹೊಸ ಸೋರಿಕೆ ಬರುತ್ತದೆ.

ಮೊದಲು ಅಳತೆ. ಬಾಟಲಿಗೆ ನೀರು ತುಂಬಿ, ಥರ್ಮಾಮೀಟರ್ ಇಳಿಬಿಟ್ಟು, ಒಂದು ರಾತ್ರಿ ಒಳಗಿಡಿ. ಬೆಳಿಗ್ಗೆ 2ರಿಂದ 4 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಮೆಷಿನ್ ಚೆನ್ನಾಗಿಯೇ ಇದೆ.

ಆಮೇಲೆ ಕಿವಿಗೊಡಿ. ಕಂಪ್ರೆಸರ್ (ಗ್ಯಾಸ್ ಒತ್ತಿ ಓಡಿಸುವ ಮೋಟಾರ್ ಪಂಪು) ಸದ್ದೇ ಇಲ್ವಾ? ಪ್ಲಗ್ ಕಿತ್ತು, ಥರ್ಮೋಸ್ಟ್ಯಾಟ್‌ನ (ತಂಪು ನೋಡಿ ಕಂಪ್ರೆಸರ್ ಆನ್-ಆಫ್ ಮಾಡುವ ಸ್ವಿಚ್) ಎರಡು ವೈರ್ ಬಿಚ್ಚಿ ಒಂದಕ್ಕೊಂದು ಸೇರಿಸಿ, ಟೇಪ್ ಸುತ್ತಿ ಮತ್ತೆ ಪ್ಲಗ್ ಹಾಕಿ. ಈಗ ಓಡಿದರೆ ಥರ್ಮೋಸ್ಟ್ಯಾಟ್ ಹೋಗಿದೆ. ಬಟ್ಟೆ ಸುತ್ತಿದ ಹಳೇ ವೈರ್ ಬಗ್ಗಿಸಿದರೆ ಪುಡಿಯಾಗುತ್ತದೆ, ಅಂಥದ್ದನ್ನು ಮೊದಲೇ ಬದಲಾಯಿಸಿ. ಅರ್ಥಿಂಗ್ ಇಲ್ಲದ ಮೆಷಿನ್‌ಗೆ ಅರ್ಥಿಂಗ್ ಕೊಡಿಸಿ. ಇಡೀ ಮೈ ತಗಡು, ಜನ ದಿನವೂ ಮುಟ್ಟುವಂಥದ್ದು.

'ಗುಂಯ್' ಎಂದು, ಕೆಲವೇ ಸೆಕೆಂಡಿಗೆ 'ಟಕ್' ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆಯಾದರೆ ಕಂಪ್ರೆಸರ್ ಶುರುವಾಗಲು ನೆರವಾಗುವ ಸ್ಟಾರ್ಟ್ ರಿಲೇ ಅಥವಾ ಕೆಪಾಸಿಟರ್ ಮೇಲೆ ಅನುಮಾನ. ಪ್ಲಗ್ ಕಿತ್ತಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದನ್ನು ಡಿಸ್ಚಾರ್ಜ್ ಮಾಡದೆ ಮುಟ್ಟಬೇಡಿ. ಆಮೇಲೆ ಕಂಪ್ರೆಸರ್‌ನ ಮೂರು ಪಿನ್‌ಗಳನ್ನು ಎರಡೆರಡರಂತೆ, ಓಮ್ (ವಿದ್ಯುತ್ ತಡೆ) ಅಳೆಯುವಂತೆ ಇಟ್ಟ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಚಿಕ್ಕ ಎರಡು ಅಳತೆಗಳ ಮೊತ್ತ ದೊಡ್ಡದಕ್ಕೆ ಸರಿಹೊಂದಬೇಕು. ಯಾವುದಾದರೂ ಪಿನ್‌ನಿಂದ ಕಂಪ್ರೆಸರ್ ಹೊರಮೈಗೆ ಮೀಟರ್ ಸಂಪರ್ಕ ತೋರಿಸಿದರೆ ಕಂಪ್ರೆಸರ್ ಸುಟ್ಟಿದೆ.

ಓಡುತ್ತಿದೆ, ಆದರೆ ತಂಪಿಲ್ಲ ಅಂದರೆ ಕಂಡೆನ್ಸರ್ (ಬಿಸಿಯನ್ನು ಹೊರಗೆ ಬಿಡುವ, ರೆಕ್ಕೆಗಳಿರುವ ಪೈಪು ಸುರುಳಿ) ಮೇಲೆ ಟಾರ್ಚ್ ಬಿಡಿ. ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಮೆತ್ತನೆ ಬ್ರಷ್‌ನಿಂದ ರೆಕ್ಕೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಉಜ್ಜಿದರೆ ಬಾಗುತ್ತವೆ. ಒಳಗಿನ, ಹೊರಗಿನ ಎರಡೂ ಫ್ಯಾನ್ ತಿರುಗುತ್ತಿವೆಯಾ ನೋಡಿ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಸತ್ತಿದೆ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಮಂಜಿನದು. ಅರ್ಧ ಗಂಟೆ ಓಡಿಸಿ ಒಳಗಿನ ಕಾಯಿಲ್ (ತಣ್ಣಗಾಗುವ ಪೈಪು ಸುರುಳಿ) ನೋಡಿ. ಪೂರ್ತಿ ದಪ್ಪ ಐಸ್ ಕಟ್ಟಿದ್ದರೆ ಗಾಳಿ ಓಡಾಡುತ್ತಿಲ್ಲ, ಇಲ್ಲವೇ ಬಾಗಿಲಿನಿಂದ ಹಸಿ ಗಾಳಿ ನುಗ್ಗುತ್ತಿದೆ. ಮೊದಲ ಒಂದೆರಡು ಸುತ್ತಿಗೆ ಮಾತ್ರ ಬೆಳ್ಳಗೆ ಮಂಜು ಹಿಡಿದು, ಮುಂದಿನದೆಲ್ಲ ಒಣಗಿ ಬೆಚ್ಚಗಿದ್ದರೆ, ಆಗ ಮಾತ್ರ ಗ್ಯಾಸ್ ಕಡಿಮೆ ಅಥವಾ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ಪೈಪು ಕಟ್ಟಿಕೊಂಡಿದೆ ಅನ್ನಬಹುದು. ಬೆಸುಗೆಗಳ ಸುತ್ತ ಎಣ್ಣೆಯ ಜಿಡ್ಡು ಹುಡುಕಿ. ಸೋರುವ ಕಡೆ ಗ್ಯಾಸ್ ಜತೆ ಎಣ್ಣೆಯೂ ಒಸರುತ್ತದೆ.

ಇಲ್ಲಿಂದಾಚೆ ಶೀತಕ ಯಂತ್ರ ಬಲ್ಲ ಮೆಕ್ಯಾನಿಕ್ ಬೇಕು. ಆ ಕಾಲದ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಆರ್-12 ಇರುತ್ತದೆ. ಓಜೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್ ಅದು, ಗಾಳಿಗೆ ಬಿಡಬಾರದು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದರ ತಯಾರಿಕೆ ಹಂತಹಂತವಾಗಿ ನಿಂತಿತು. ಬದಲಿಗೆ ಆರ್-134ಎ ಎಂಬ ಗ್ಯಾಸ್ ಹಾಕುತ್ತೇನೆ ಎಂದು ಮೆಕ್ಯಾನಿಕ್ ಹೇಳಿದರೆ ಕಂಪ್ರೆಸರ್ ಎಣ್ಣೆಯ ಬಗ್ಗೆ ಕೇಳಿ. ಹಳೇ ಮಿನರಲ್ ಎಣ್ಣೆ ಅದರೊಂದಿಗೆ ಬೆರೆಯುವುದಿಲ್ಲ. ಮೊದಲು ಸೋರಿಕೆ ಮುಚ್ಚಿ, ಹೊಸ ಡ್ರೈಯರ್ (ಪೈಪಿನೊಳಗಿನ ತೇವ ಹೀರುವ ಫಿಲ್ಟರ್) ಹಾಕಿ, ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ಆಮೇಲೇ ಗ್ಯಾಸ್ ತೂಕ ಮಾಡಿ ತುಂಬಿಸಲಿ.