ಕ್ಯಾವನಾ ಸಂಜೆ: ಊರವರಿಂದಲೇ ಪದ್ಯ ಓದಿಸಿದ ನನ್ನ ಅನುಭವ

ಐರ್ಲೆಂಡಿನ ಮೊನಹನ್ ಕೌಂಟಿಯ ಒಂದು ಸಣ್ಣ ಲೈಬ್ರರಿಯಲ್ಲಿ ನನ್ನ ಕೆಲಸ. ಪ್ರತಿ ಅಕ್ಟೋಬರಿನಲ್ಲಿ ಒಂದು ಸಂಜೆ ಈ ಸೀಮೆಯ ಕವಿ ಪ್ಯಾಟ್ರಿಕ್ ಕ್ಯಾವನಾಗೆ ಮೀಸಲು. ಅವರು ಹುಟ್ಟಿದ್ದು 1904ರ ಅಕ್ಟೋಬರ್ 21ರಂದು, ಇನಿಸ್ಕೀನ್ ಪಕ್ಕದ ಮಕರ್‌ನಲ್ಲಿ. ಅಪ್ಪ ಷೂ ಹೊಲಿಯುತ್ತಿದ್ದರು. ಮಗ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಹೊಲಕ್ಕೆ ಇಳಿದರು, ಓದಿದ್ದೆಲ್ಲ ಸ್ವಂತವಾಗಿ. 1931ರಲ್ಲಿ ಹಿರಿಯ ಕವಿ ಜಾರ್ಜ್ ರಸೆಲ್ ಅವರನ್ನು ಕಾಣಲು ಡಬ್ಲಿನ್‌ವರೆಗೆ ನಡೆದೇ ಹೋದರು.

ಇಂಥವರ ಬಗ್ಗೆ ಭಾಷಣ ಬೇಡ ಅನ್ನಿಸಿತು. ಕಾರ್ಯಕ್ರಮ ನನ್ನ ಕೈಗೆ ಬಂದಾಗ ಓದುವವರನ್ನು ಕೌಂಟರಿನಲ್ಲೇ ಹುಡುಕಿದೆ. ಪುಸ್ತಕ ವಾಪಸ್ ಕೊಡಲು ಬಂದವರಿಗೆ ಪದ್ಯ ತೋರಿಸಿ, 'ನಿಮ್ಮ ಕಡೆಯ ಗುಡ್ಡ ಇದರಲ್ಲಿದೆ ನೋಡಿ, ಓದುತ್ತೀರಾ?' ಅಂತ ಕೇಳುತ್ತಿದ್ದೆ. ಸುಮ್ನೆ 'ಬನ್ನಿ' ಅಂದರೆ ಯಾರೂ ಬರಲ್ಲ. ತಮ್ಮ ಜಾಗದ ಹೆಸರು ಕಂಡರೆ ಕನ್ನಡಕ ಹುಡುಕುತ್ತಾರೆ.

ಅನುಮತಿಯ ಕೆಲಸ ಮೊದಲೇ ಮುಗಿಸಬೇಕು. ಕ್ಯಾವನಾ ತೀರಿಕೊಂಡಿದ್ದು 1967ರಲ್ಲಿ. ಇಲ್ಲಿ ಬರೆದವರು ತೀರಿಕೊಂಡ ಮೇಲೂ ಕೃತಿಗಳ ಹಕ್ಕು (ಕಾಪಿರೈಟ್) ಎಪ್ಪತ್ತು ವರ್ಷ ಇರುತ್ತೆ, ಅಂದರೆ 2037ರ ಕೊನೆಯವರೆಗೆ. ಹಾಗಾಗಿ ಬೇಸಿಗೆಯಲ್ಲೇ ಹಕ್ಕುದಾರರಿಗೆ ಬರೆಯುತ್ತೇನೆ. ಪದ್ಯಗಳನ್ನು ಜೆರಾಕ್ಸ್ ಮಾಡಿ ಹಂಚುವುದಿಲ್ಲ. ಬೇರೆ ಕೌಂಟಿಗಳ ಲೈಬ್ರರಿಗಳಿಂದ ಪ್ರತಿ ತರಿಸುತ್ತೇನೆ, ಅದಕ್ಕೆ ಖರ್ಚಿಲ್ಲ, ಆದರೆ ಒಂದೊಂದಾಗಿ ಬರುವುದರಿಂದ ಬೇಗ ಕೇಳಿಟ್ಟಿರಬೇಕು. ಪ್ರತಿಯೊಬ್ಬರ ಕೈಯಲ್ಲೂ ನಿಜವಾದ ಪುಸ್ತಕ ಇದ್ದರೆ ಓದುವ ರೀತಿಯೇ ಬೇರೆ.

ಆ ದಿನ ಚಕ್ರವಿರುವ ಕಪಾಟುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕುತ್ತೇವೆ. ಒಂದು ಗೋಡೆಗೆ ಈ ಸೀಮೆಯ ದೊಡ್ಡ ಭೂಪಟ. ಇಲ್ಲೆಲ್ಲ ಡ್ರಮ್ಲಿನ್ ಎನ್ನುವ ಗುಂಡು ಗುಂಡಾದ ಪುಟ್ಟ ಗುಡ್ಡಗಳು, ಅವುಗಳ ನಡುವೆ ಟೌನ್‌ಲ್ಯಾಂಡ್ ಎನ್ನುವ ನೆಲದ ಚಿಕ್ಕ ಚಿಕ್ಕ ತುಂಡುಗಳು, ಒಂದೊಂದಕ್ಕೂ ಹೆಸರು. ಪದ್ಯದಲ್ಲಿ ಬರುವ ಜಾಗಗಳಿಗೆ ಮಕ್ಕಳು ಪಿನ್ ಚುಚ್ಚುತ್ತಾರೆ. ಟೀ ಮೇಜನ್ನು ಬೇಕಂತಲೇ ಅದರ ಪಕ್ಕ ಇಡುತ್ತೇನೆ. ಕಪ್ ಹಿಡಿದು ನಿಂತವರು ಯಾವ ದಾರಿ ಎಲ್ಲಿಗೆ ಹೋಗುತ್ತಿತ್ತು ಅಂತ ವಾದ ಶುರು ಮಾಡುತ್ತಾರೆ, ನನಗೆ ಅದೇ ಬೇಕಾಗಿದ್ದು.

ಒಂದು ವರ್ಷ ವಯಸ್ಸಾದ ರೈತರೊಬ್ಬರು 'ಶ್ಯಾಂಕೊಡಫ್' ಓದಿದರು. ಸೂರ್ಯೋದಯವನ್ನೇ ಕಾಣದೆ ಉತ್ತರಕ್ಕೆ ಮುಖ ಮಾಡಿ ನಿಂತ ಕಪ್ಪು ಗುಡ್ಡಗಳ ಪದ್ಯ ಅದು. ಹೆಬ್ಬೆರಳನ್ನು ಸಾಲಿನ ಕೆಳಗೆ ಒತ್ತಿ ಹಿಡಿದು ನಿಧಾನಕ್ಕೆ ಓದುತ್ತಿದ್ದರು. ರಾಕ್‌ಸ್ಯಾವೇಜ್ ಎನ್ನುವ ಜಾಗದ ಹೆಸರು ಬಂದಾಗ ತಲೆ ಎತ್ತದೆಯೇ ಎಡಗೈಯಿಂದ ಆ ದಿಕ್ಕು ತೋರಿಸಿದರು. ಈ ಬಡಕಲು ಗುಡ್ಡ ಯಾರದು ಅಂತ ದನ ಹೊಡೆಯುವವರು ಕೇಳುವ, ಕವಿಯದಾ, ಹಾಗಾದರೆ ಪಾಪ ಬಡವನೇ ಇರಬೇಕು ಅನ್ನುವ ಭಾಗದಲ್ಲಿ ಅವರ ದನಿಯೇ ಬದಲಾಯಿತು, ಸಂತೆಯಲ್ಲಿ ಅಂಥ ಮಾತು ಎಷ್ಟೋ ಸಲ ಕೇಳಿದವರ ದನಿ. ಯಾವ ಪ್ರೊಫೆಸರ್ ಓದಿದರೂ ಆ ಸಾಲು ಹಾಗೆ ಕೇಳಿಸುವುದಿಲ್ಲ ಅಂತ ನನ್ನ ನಂಬಿಕೆ.

ಈಗ ಆ ರೈತರೇ ಅಕ್ಕಪಕ್ಕದ ಹೊಲದವರನ್ನು ಕರೆತರುತ್ತಾರೆ. ಈ ಸಲ ಹೈಸ್ಕೂಲ್ ಮಕ್ಕಳಿಗೂ ಒಂದೊಂದು ಪದ್ಯ ಕೊಟ್ಟಿದ್ದೇನೆ, ಅಜ್ಜ ಅಜ್ಜಿಯ ಜೊತೆ ಕೂತು ಅಭ್ಯಾಸ ಮಾಡಿ ಬನ್ನಿ ಅಂತ ಹೇಳಿ.