ಮೊದಲು ದನಿ, ಆಮೇಲೆ ಗೊಂಬೆ: ಊರಿನ ಐತಿಹ್ಯವನ್ನು ಮಕ್ಕಳ ಕೈಲಿ ಚಿತ್ರ ಮಾಡಿಸುವ ಬಗೆ

ಅನಿಮೇಷನ್ (ಕಾಗದದ ಗೊಂಬೆಯನ್ನು ಚೂರುಚೂರೇ ಸರಿಸಿ, ಫೋಟೊ ತೆಗೆದು ಜೋಡಿಸುವುದು) ಅಂದ ಕೂಡಲೇ ತರಗತಿಯ ಮಕ್ಕಳು ಕತ್ತರಿ, ಬಣ್ಣ ಹಿಡಿದು ಕೂತುಬಿಡುತ್ತಾರೆ. ನಾಲ್ಕು ದಿನದಲ್ಲಿ ರಾಕ್ಷಸ ತಯಾರು, ರಾಣಿ ತಯಾರು, ಕುದುರೆಯೂ ತಯಾರು. ಆದರೆ ಯಾವ ಮಾತಿಗೆ ರಾಕ್ಷಸ ಎಷ್ಟು ಹೊತ್ತು ಕೈ ಎತ್ತಬೇಕು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಫೋಟೊ ತೆಗೆದು ಜೋಡಿಸಿದರೆ ಇಡೀ ಕಥೆ ಇಪ್ಪತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಆಮೇಲೆ ನಿರೂಪಣೆಯನ್ನು ಅದರೊಳಗೆ ತುರುಕಲು ಒದ್ದಾಟ. ಹಾಗಾಗಿ ಮೊದಲು ದನಿ ರೆಕಾರ್ಡ್ ಮಾಡಿಸಿ, ಅದರ ಅಳತೆಗೆ ಚಿತ್ರ ಮಾಡಿಸಿ.

ಕಥೆ ಕೇಳಿ ತರುವುದು

ಐತಿಹ್ಯಕ್ಕೆ ಒಂದು ಜಾಗ ಇರುತ್ತದೆ: ಬಂಡೆ, ಕೆರೆ, ಹಳೇ ಮರ, ಪಾಳುಗೋಡೆ. ಆ ಜಾಗವನ್ನು ಕ್ಯಾಮೆರಾದಲ್ಲಿ ನೇರವಾಗಿ ಹಿಡಿಯಿರಿ; ರಾಕ್ಷಸ, ಪ್ರವಾಹ, ಮಾಯವಾದ ಹೆಣ್ಣು ಇವೆಲ್ಲ ಅನಿಮೇಷನ್ನಿಗಿರಲಿ. ಮಕ್ಕಳಿಗೆ ಮೀಸೆ ಅಂಟಿಸಿ ರಾಜನ ಪಾತ್ರ ಮಾಡಿಸಿದರೆ ಗಂಭೀರ ದೃಶ್ಯದಲ್ಲೇ ನಗು ಬರುತ್ತದೆ, ಕಾಗದದ ರಾಜನಿಗೆ ಆ ತೊಂದರೆ ಇಲ್ಲ.

ಕಥೆ ಬಲ್ಲ ಕನಿಷ್ಠ ಮೂವರನ್ನು ಬೇರೆ ಬೇರೆಯಾಗಿ ಕೇಳಿಸಿ. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೂರನ್ನೂ ಬೆರೆಸಿ ಒಂದು 'ಸರಿಯಾದ' ಕಥೆ ಕಟ್ಟಲು ಹೋಗಬೇಡಿ. ಒಂದನ್ನು ಆರಿಸಿಕೊಳ್ಳಿ, ಇಲ್ಲವೇ ಎರಡು ಮುಕ್ತಾಯಗಳನ್ನೂ ತೋರಿಸಿ. ದೇವರಿಗೋ ಒಂದು ಸಮುದಾಯಕ್ಕೋ ಸಂಬಂಧಿಸಿದ ಕಥೆಯಾದರೆ ಯಾವ ಮಾತು ನೋಯಿಸುತ್ತದೆ ಎಂದು ಆ ಸಮುದಾಯದ ಹಿರಿಯರನ್ನೇ ಮೊದಲು ಕೇಳಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹೇಳುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಮಡಿಸಿದ ಬಟ್ಟೆಯ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಪ್ರತಿ ತಟ್ಟುವಿಕೆಯೂ ಢಬ್ ಎಂದು ಕೇಳುತ್ತದೆ. ಫ್ಯಾನ್ ನಿಲ್ಲಿಸಿ. ಹೆಸರು, ಊರು, ದಿನಾಂಕ, 'ಚಿತ್ರದಲ್ಲಿ ಬಳಸಬಹುದು' ಎಂಬ ಒಪ್ಪಿಗೆ, ಎಲ್ಲವೂ ರೆಕಾರ್ಡಿನ ಶುರುವಿನಲ್ಲೇ ದನಿಯಾಗಿ ಇರಲಿ. ಕೊನೆಗೆ ಯಾರೂ ಮಾತಾಡದೆ 30 ಸೆಕೆಂಡ್ ರೆಕಾರ್ಡ್ ಮಾಡಿ; ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಈ ಮೌನ ಬೇಕಾಗುತ್ತದೆ.

ಅಳತೆ

ಒಟ್ಟು ಚಿತ್ರ 3 ನಿಮಿಷ, ಅದರಲ್ಲಿ ಅನಿಮೇಷನ್ ಒಂದೂವರೆ ನಿಮಿಷ. ಇದಕ್ಕಿಂತ ಹೆಚ್ಚು ಆಸೆ ಬೇಡ. ಸೆಕೆಂಡಿಗೆ 12 ಫೋಟೊ ಎಂದು ಎಲ್ಲೆಡೆ ಹೇಳುತ್ತಾರೆ, ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಓಡುವ ಸಿನಿಮಾಕ್ಕೆ ಅದು ಸರಿ. ಆದರೆ ಫೋನುಗಳು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ವಿಡಿಯೊ ತೆಗೆಯುತ್ತವೆ. 30ಕ್ಕೆ 12 ಸಮನಾಗಿ ಭಾಗವಾಗುವುದಿಲ್ಲ, ಹಾಗಾಗಿ ಎರಡನ್ನೂ ಜೋಡಿಸಿದಾಗ ಗೊಂಬೆ ಅಲ್ಲಲ್ಲಿ ಮುಗ್ಗರಿಸುತ್ತದೆ. ಸೆಕೆಂಡಿಗೆ 10 ಫೋಟೊ ಇಟ್ಟುಕೊಳ್ಳಿ. ಒಂದು ಫೋಟೊಗೆ ಸರಿಯಾಗಿ ಮೂರು ಫ್ರೇಮ್ ಬರುತ್ತದೆ, ಮಕ್ಕಳ ಲೆಕ್ಕಕ್ಕೂ ಸುಲಭ.

ಒಂದೂವರೆ ನಿಮಿಷಕ್ಕೆ 900 ಫೋಟೊ. ಗೊಂಬೆ ಸುಮ್ಮನೆ ನಿಲ್ಲುವ ಕಡೆ ಅದೇ ಫೋಟೊವನ್ನು ನಕಲು ಮಾಡಿಕೊಂಡರೆ ನಿಜಕ್ಕೂ ತೆಗೆಯಬೇಕಾದದ್ದು 600ರ ಆಸುಪಾಸು. 40 ನಿಮಿಷದ ಪೀರಿಯಡ್ಡಿನಲ್ಲಿ ಜೋಡಿಸಲು ಹತ್ತು, ಎತ್ತಿಡಲು ಐದು ನಿಮಿಷ ಕಳೆದರೆ ಒಂದು ತಂಡಕ್ಕೆ 60ರಿಂದ 80 ಫೋಟೊ ಸಿಕ್ಕೀತು. ನಾಲ್ಕು ತಂಡ ಮಾಡಿ ದೃಶ್ಯಗಳನ್ನು ಹಂಚಿದರೆ ಮೂರು ಪೀರಿಯಡ್ ಸಾಕು.

ನಿರೂಪಣೆ ರೆಕಾರ್ಡ್ ಆದ ಮೇಲೆ ಸ್ಟೋರಿಬೋರ್ಡ್, ಅಂದರೆ ಕಥೆಯನ್ನು ಚೌಕ ಚೌಕವಾಗಿ ಪೆನ್ಸಿಲಿನಲ್ಲಿ ಬರೆದ ಚಿತ್ರಗಳು. ಪ್ರತಿ ಚೌಕದ ಕೆಳಗೆ ಮೂರು ಸಂಗತಿ: ಯಾವ ಮಾತು, ಎಷ್ಟು ಸೆಕೆಂಡ್, ಎಷ್ಟು ಫೋಟೊ. ಆ ಪೆನ್ಸಿಲ್ ಚಿತ್ರಗಳ ಫೋಟೊ ತೆಗೆದು, ಎಡಿಟಿಂಗ್ ಆ್ಯಪ್‌ನಲ್ಲಿ ದನಿಯ ಮೇಲೆ ಕೂರಿಸಿ, ಕಥೆ ಗೊತ್ತಿಲ್ಲದ ಬೇರೆ ತರಗತಿಯ ಮಗುವಿಗೆ ತೋರಿಸಿ. 'ಏನಾಯಿತು ಹೇಳು' ಅನ್ನಿ. ಆ ಮಗು ತಡವರಿಸಿದ ಜಾಗದಲ್ಲೇ ನಿಮ್ಮ ಚಿತ್ರಕ್ಕೊಂದು ಶಾಟ್ ಕಡಿಮೆ ಬಿದ್ದಿದೆ. ಒಂದೂ ಗೊಂಬೆ ಕತ್ತರಿಸುವ ಮೊದಲೇ ಇದು ಗೊತ್ತಾಗುವುದು ಎಷ್ಟು ವಾಸಿ!

ಗೊಂಬೆ

200ರಿಂದ 250 ಜಿಎಸ್‌ಎಂ ದಪ್ಪದ ಕಾರ್ಡ್ ಶೀಟ್, ಗೊಂಬೆಯ ಎತ್ತರ 15 ಸೆಂ.ಮೀ. ಪಕ್ಕನೋಟದ ಮುಖ ಬರೆಸಿ, ನಡೆಸಲು ಅದೇ ಅನುಕೂಲ. ಕತ್ತು, ಭುಜ, ಮೊಣಕೈ, ಸೊಂಟ, ಮೊಣಕಾಲು ಇವುಗಳ ಹತ್ತಿರ ಬೇರೆ ಬೇರೆ ತುಂಡುಗಳಾಗಲಿ. ಎಡವುವುದು ಕೀಲಿನಲ್ಲಿ. ತುಂಡಿನ ತುದಿ ದುಂಡಗಿರಬೇಕು, ಒಂದರ ಮೇಲೊಂದು 1 ಸೆಂ.ಮೀ. ಕೂರಬೇಕು, ತೂತು ಆ ದುಂಡಿನ ನಟ್ಟನಡುವೆ ಇರಬೇಕು. ತುದಿ ಚೌಕವಾಗಿದ್ದರೆ ಕೈ ಮಡಚಿದಾಗ ಮೂಲೆ ಹೊರಗೆ ಇಣುಕುತ್ತದೆ. ತೂತು ಅಂಚಿಗಿದ್ದರೆ ನೂರು ಫೋಟೊ ಆಗುವಷ್ಟರಲ್ಲಿ ಹರಿಯುತ್ತದೆ. ದಪ್ಪ ದಾರ ಪೋಣಿಸಿ ಎರಡೂ ಕಡೆ ಗಂಟು ಹಾಕಿ. ಗಂಟು ಸಡಿಲವಾದರೆ ಕೈ ಜೋತುಬೀಳುತ್ತದೆ, ತೀರಾ ಬಿಗಿಯಾದರೆ ಕೈ ಎತ್ತಲು ಹೋದಾಗ ಮೈಯೂ ತಿರುಗುತ್ತದೆ.

ಬಾಯಿಗೆ ಮೂರು ತುಂಡು: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಬೆಂಕಿಗೆ ಕಿತ್ತಳೆ ಕಾಗದ ಹರಿದ ನಾಲ್ಕು ಆಕಾರಗಳನ್ನು ಅದಲುಬದಲು ಮಾಡಿದರೆ ಸಾಕು.

ಬಣ್ಣದಲ್ಲಿ ಕೈ ಪಳಗದ ತರಗತಿಗೆ ನೆರಳು ಚಿತ್ರ ಒಳ್ಳೆಯದು: ಕಪ್ಪು ಕಾಗದದ ಗೊಂಬೆ, ಟ್ರೇಸಿಂಗ್ ಪೇಪರ್ ಅಂಟಿಸಿದ ಗಾಜು, ಕೆಳಗಿನಿಂದ ಬೆಳಕು. ಜರ್ಮನಿಯ ಲೋಟೆ ರೈನಿಗರ್ 1926ರಲ್ಲೇ ಇಂಥ ನೆರಳುಗೊಂಬೆಗಳಿಂದ ಪೂರ್ಣ ಪ್ರಮಾಣದ ಸಿನಿಮಾ ಮಾಡಿ ತೆರೆಗೆ ತಂದಿದ್ದರು. ಬಲಿ, ಸಾವು ಇರುವ ಕಥೆಗಳಿಗೂ ನೆರಳೇ ಲೇಸು, ರಕ್ತ ತೋರಿಸಬೇಕಾಗಿಲ್ಲ. ಗಾಜಿನ ಅಂಚು ಕೈ ಕೊಯ್ಯದಂತೆ ಟೇಪ್ ಸುತ್ತಿ.

ಫೋಟೊ ತೆಗೆಯುವಾಗ

ವಿಜ್ಞಾನ ಪ್ರಯೋಗಾಲಯದ ಕಬ್ಬಿಣದ ಸ್ಟ್ಯಾಂಡ್ ಮತ್ತು ಕ್ಲಾಂಪ್ ಇದ್ದರೆ ಬೇರೆ ಉಪಕರಣ ಬೇಡ. ಎ3 ಹಿನ್ನೆಲೆಯ ಮೇಲೆ ಫೋನು 35ರಿಂದ 40 ಸೆಂ.ಮೀ. ಎತ್ತರದಲ್ಲಿ, ಅಡ್ಡವಾಗಿ, ಕೆಳಮುಖವಾಗಿರಲಿ. ಹಿನ್ನೆಲೆಯನ್ನು ನಾಲ್ಕೂ ಕಡೆ ಮೇಜಿಗೆ ಅಂಟಿಸಿ, ಸ್ಟ್ಯಾಂಡಿನ ಪಾದವನ್ನೂ ಅಂಟಿಸಿ. ತೆರೆಯನ್ನು ಒತ್ತಿಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಕ್ಲಿಕ್ ಮಾಡಲು ಫೋನನ್ನು ಮುಟ್ಟಬೇಡಿ. ಬಹಳಷ್ಟು ಫೋನುಗಳಲ್ಲಿ ವೈರ್ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಒತ್ತಿದರೆ ಫೋಟೊ ಬೀಳುತ್ತದೆ.

ಕಿಟಕಿಯ ಬೆಳಕು ಬೇಡವೇ ಬೇಡ. ಒಂದು ಮೋಡ ಹಾದರೂ ಚಿತ್ರ ಮಿಣಮಿಣ ಅನ್ನುತ್ತದೆ. ಪರದೆ ಎಳೆದು, ಎರಡೂ ಪಕ್ಕದಿಂದ ಓರೆಯಾಗಿ ಎರಡು ಎಲ್‌ಇಡಿ ದೀಪ ಹಾಕಿ. ಆಮೇಲೂ ಪಟ್ಟಿಪಟ್ಟಿ ಕಂಡರೆ, 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಶಟರ್ ವೇಗವನ್ನು (ಒಂದು ಫೋಟೊಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) 1/50 ಅಥವಾ 1/100 ಸೆಕೆಂಡಿಗೆ ನಿಲ್ಲಿಸಿ. ಬಿಳಿ ಅಂಗಿಯ ಮಗು ಮುಂದೆ ಬಾಗಿದರೂ ಬೆಳಕು ಬದಲಾಗುತ್ತದೆ, ಆದ್ದರಿಂದ ಕ್ಲಿಕ್ ಆಗುವಾಗ ಎಲ್ಲರೂ ತಮ್ಮ ಜಾಗದಲ್ಲೇ ಇರಲಿ. ತಂಡಕ್ಕೆ ಮೂವರು: ಒಬ್ಬರು ಗೊಂಬೆ ಸರಿಸಲಿ, ಒಬ್ಬರು ಕ್ಲಿಕ್ ಮಾಡಲಿ, ಒಬ್ಬರು 'ಕೈ ತೆಗಿ' ಎಂದು ಹೇಳಿ ಎಣಿಸಲಿ. ಐವತ್ತು ಫೋಟೊಗೊಮ್ಮೆ ಕೆಲಸ ಬದಲಾಯಿಸಿ.

ಚಲನೆಯ ಗುಟ್ಟು ಒಂದು ಉದಾಹರಣೆಯಲ್ಲಿ. ಮಾತು: 'ರಾಕ್ಷಸ ಬಂಡೆ ಎತ್ತಿದ, ಎತ್ತಿ ಬೀಸಿ ಒಗೆದ.' ದನಿಯ ಉದ್ದ 4 ಸೆಕೆಂಡ್, ಅಂದರೆ 40 ಫೋಟೊ. ಮಕ್ಕಳು ನಲವತ್ತನ್ನೂ ಸಮವಾಗಿ ಹಂಚುತ್ತಾರೆ, ಬಂಡೆ ಹತ್ತಿಯ ಮೂಟೆಯ ಹಾಗೆ ತೇಲುತ್ತದೆ. ಹೀಗೆ ಮಾಡಿಸಿ: ಮೊದಲ 8 ಫೋಟೊ ಬಗ್ಗಿ ನಿಂತದ್ದು; 14ರಲ್ಲಿ ನಿಧಾನ ಎತ್ತುವುದು, ಅದರಲ್ಲೂ ಶುರುವಿನ ನಾಲ್ಕೈದು ಬರೀ 2 ಮಿ.ಮೀ. ಸರಿಸಿ, 6 ಫೋಟೊ ತಲೆಯ ಮೇಲೆ ಹಿಡಿದು ಕೊಂಚ ನಡುಗುವುದು, ಒಗೆಯಲು ಬರೀ 4, ಉಳಿದ 8 ಖಾಲಿ ಕೈಯಲ್ಲಿ ನಿಂತದ್ದು. ಭಾರ ಕಾಣುವುದು ನಿಧಾನದಲ್ಲಿ, ಬಲ ಕಾಣುವುದು ಆ ನಾಲ್ಕು ಫೋಟೊದಲ್ಲಿ.

ಪ್ರತಿ ದೃಶ್ಯಕ್ಕೂ ಪ್ರತ್ಯೇಕ ಫೋಲ್ಡರ್, ಅದೇ ದಿನ ಕಂಪ್ಯೂಟರಿಗೆ ನಕಲು. ಫೋನಿನ ಜಾಗ ತುಂಬಿತೆಂದು ಯಾರೋ ಫೋಟೊ ಅಳಿಸುವುದು ಹೊಸದೇನಲ್ಲ.

ಜೋಡಣೆ

ಎಡಿಟಿಂಗ್‌ಗೆ ಉಚಿತ ಓಪನ್‌ಶಾಟ್ ಅಥವಾ ಕೆಡೆನ್‌ಲೈವ್, ದನಿಗೆ ಅಡಾಸಿಟಿ ಸಾಕು. ಸಿನಿಮಾ ಹಾಡು ಹಾಕಬೇಡಿ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಮಕ್ಕಳೇ ಡೋಲು ಬಡಿಯಲಿ. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತದೆ. ಶೀರ್ಷಿಕೆಯನ್ನು ಕೈಯಲ್ಲೇ ಬರೆಸಿ ಫೋಟೊ ತೆಗೆದು ಹಾಕಿದರೆ ಆ ರಗಳೆ ಇಲ್ಲ. ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ಅದು ತೆರೆಯ ಮೇಲಿರಲಿ.

ಮುಖ ಕಾಣುವ ಮಕ್ಕಳ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಇಂಟರ್‌ನೆಟ್ಟಿಗೆ ಹಾಕಿ. ಅದಕ್ಕೂ ಮೊದಲು ಕಥೆ ಹೇಳಿದವರಿಗೆ ತೋರಿಸಿ, ಅವರು ತಿದ್ದು ಅಂದದ್ದನ್ನು ತಿದ್ದಿ. ಅವರ ಪೂರ್ತಿ ರೆಕಾರ್ಡಿಂಗನ್ನು ಕತ್ತರಿಸದೆ, ಹೆಸರು, ಊರು, ದಿನಾಂಕ ನಮೂದಿಸಿ ಶಾಲೆಯಲ್ಲೇ ಎರಡು ಕಡೆ ಉಳಿಸಿ.