ಸ್ಲಾಟ್ ಕಾರ್ ಸೊನ್ನೆಯಿಂದ ಕಟ್ಟಿದೆ, ಜೀವ ಎಲ್ಲಾ ಚಾಸಿಯಲ್ಲೇ ಇರೋದು: ನನ್ನ ಅನುಭವ

ಸ್ಲಾಟ್ ಕಾರ್ ನೋಡಿಲ್ದೇ ಇರೋರಿಗೆ ಒಂದ್ ಮಾತು ಹೇಳ್ಬಿಡ್ತೀನಿ, ಇದು ಕರೆಂಟಲ್ಲಿ ಓಡೋ ಪುಟ್ಟ ಮಾದರಿ ಕಾರು. ಟ್ರ್ಯಾಕಲ್ಲಿ ಒಂದು ಸೀಳು, ಸೀಳಿನ ಎರಡೂ ಪಕ್ಕ ಲೋಹದ ಪಟ್ಟಿ, ಕಾರಿನ ಮೂತಿ ಕೆಳಗಿರೋ ಗೈಡ್ ಆ ಸೀಳಲ್ಲಿ ಕೂತ್ಕೊಂಡು ತಾಮ್ರದ ಜಡೆ ಮೂಲಕ 12 ವೋಲ್ಟ್ ಕರೆಂಟ್ ಮೋಟಾರಿಗೆ ತಲುಪಿಸತ್ತೆ. ಸ್ಟೀರಿಂಗ್ ಇಲ್ಲ. ಕೈಲಿರೋ ಟ್ರಿಗರ್ ಎಷ್ಟು ಒತ್ತಿದ್ರೆ ಅಷ್ಟು ವೇಗ, ತಿರುವಲ್ಲಿ ಸ್ವಲ್ಪ ಜಾಸ್ತಿ ಒತ್ತಿದ್ರೂ ಬಾಲ ಹೊರಗೆ ಬೀಸಿ ಕಾರು ಹಾರಿಹೋಗತ್ತೆ.

ಡಬ್ಬಿಯಿಂದ ತೆಗೆದು ಓಡಿಸೋ ಕಾರುಗಳು ಸಾಕಾಗಿ, ಎಲ್ಲಾನೂ ನಾನೇ ಮಾಡ್ಬೇಕು ಅಂತ ಹೊರಟಾಗ ಆರಿಸ್ಕೊಂಡಿದ್ದು 1962ರ ಫೆರಾರಿ 250 ಜಿಟಿಒ, 1:32 ಸ್ಕೇಲ್. ಅಸಲಿ ಕಾರಿನ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2400 ಮಿ.ಮೀ., 32ರಿಂದ ಭಾಗಿಸಿದ್ರೆ ಕರೆಕ್ಟಾಗಿ 75. ಲೆಕ್ಕ ಸಲೀಸು ಅನ್ನೋದಕ್ಕಿಂತ ಆ ಉದ್ದ ಮೂತಿ ನಂಗೆ ಬೇಕಿತ್ತು, ಯಾಕಂದ್ರೆ ಗೈಡ್ ಎಷ್ಟು ಮುಂದೆ ಇದ್ರೆ ಕಾರು ತಿರುವಲ್ಲಿ ಅಷ್ಟು ಸಮಾಧಾನವಾಗಿ ಇರತ್ತೆ.

ಚಾಸಿಗೆ, ಅಂದ್ರೆ ಕಾರಿನ ಅಡಿಯ ಚೌಕಟ್ಟಿಗೆ, 0.8 ಮಿ.ಮೀ. ಹಿತ್ತಾಳೆ ತಗಡು, ಉದ್ದಕ್ಕೆ 1.6 ಮಿ.ಮೀ. ಪಿಯಾನೋ ವೈರ್, ಅಂದ್ರೆ ಗಟ್ಟಿ ಉಕ್ಕಿನ ತಂತಿ. ಚಪ್ಪಟೆ ಹಲಗೆ ಮೇಲೆ ಗ್ರಾಫ್ ಪೇಪರ್ ಅಂಟ್ಸಿ ಮೊಳೆ ಹೊಡೆದು, ಭಾಗಗಳನ್ನ ಜಾಗದಲ್ಲಿ ಹಿಡಿದಿಡೋ ಜಿಗ್ ಮಾಡ್ಕೊಂಡೆ. ಮೊದಲನೇ ಚಾಸಿ ನೋಡೋಕೆ ತುಂಬಾ ಚೆನ್ನಾಗಿತ್ತು, ಆದ್ರೆ ಗಾಜಿನ ಮೇಲಿಟ್ಟು ಒಂದು ಮೂಲೆ ಒತ್ತಿದ್ರೆ ಟಕ್ ಅಂತ ಎದುರು ಮೂಲೆ ಏಳ್ತಿತ್ತು. ಎಡಗಡೆ ಜಾಯಿಂಟ್ ಎಲ್ಲಾ ಒಟ್ಟಿಗೆ ಬೆಸುಗೆ ಹಾಕಿ ಆಮೇಲೆ ಬಲಗಡೆಗೆ ಹೋಗಿದ್ದೆ, ಕಾದು ಹಿಗ್ಗಿದ ಲೋಹ ತಣ್ಣಗಾಗ್ತಾ ಕುಗ್ಗಿ ಇಡೀ ಫ್ರೇಮನ್ನೇ ಒಂದು ಕಡೆಗೆ ಎಳ್ದಿತ್ತು. ಅದನ್ನ ಬಗ್ಗಿಸಿ ಸರಿ ಮಾಡೋಕೆ ಹೋಗ್ಲಿಲ್ಲ, ಪೂರ್ತಿ ಬಿಚ್ಚಿ ಮತ್ತೆ ಶುರು ಮಾಡ್ದೆ. ಈ ಸಲ ಒಂದು ಚುಕ್ಕಿ ಎಡಕ್ಕೆ, ಒಂದು ಚುಕ್ಕಿ ಬಲಕ್ಕೆ, ಆರೋಕೆ ಬಿಟ್ಟು, ಎಲ್ಲಾ ಕೂತ ಮೇಲೆ ಪೂರ್ತಿ ತುಂಬ್ಸಿದೆ.

ಹಿಂದಿನ ಆಕ್ಸಲ್ ಬುಷ್‌ಗಳು, ಅಂದ್ರೆ ಆಕ್ಸಲ್ ತಿರುಗೋ ಪುಟ್ಟ ಬಳೆಗಳು, ಒಂದೇ ಗೆರೆಯಲ್ಲಿ ಇರ್ಬೇಕು ಅಂದ್ರೆ ಆಕ್ಸಲ್ ಒಳಗೆ ತೂರಿಸಿಟ್ಟೇ ಬೆಸುಗೆ ಹಾಕ್ಬೇಕು, ಆದ್ರೆ ಸೀಸ ಒಳಗೆ ಹರಿದ್ರೆ ಆಕ್ಸಲ್ಲೇ ಅಂಟ್ಕೊಂಡ್ಬಿಡತ್ತೆ. ಅದಕ್ಕೆ ಆಕ್ಸಲ್ಲನ್ನ ಮೇಣದಬತ್ತಿ ಹೊಗೆಗೆ ಹಿಡ್ದು ಮಸಿ ಹಿಡಿಸ್ದೆ, ಮಸಿ ಇದ್ದ ಕಡೆ ಬೆಸುಗೆ ಹಿಡಿಯಲ್ಲ. ಆರಿದ ಮೇಲೆ ಬೆರಳಲ್ಲಿ ತಿರುಗಿಸಿದ್ರೆ ಯಾವ ತಡೆನೂ ಇಲ್ದೆ ಸುತ್ತಿದ್ದು ನೋಡಿ ಆದ ಖುಷಿ ಹೇಳೋಕಾಗಲ್ಲ.

ಒಂದು ವಿಷ್ಯದಲ್ಲಿ ಮಾತ್ರ ಹುಷಾರು. ಪಿಯಾನೋ ವೈರಿಗೆ ಬೆಸುಗೆ ಹಿಡಿಯೋಕೆ ಆಸಿಡ್ ಫ್ಲಕ್ಸ್ (ಲೋಹದ ಮೇಲ್ಮೈ ಶುದ್ಧ ಮಾಡೋ ದ್ರಾವಣ) ಬೇಕಾಗತ್ತೆ, ನಾನು ಅದನ್ನ ತೊಳೀದೆ ಬಿಟ್ಟಿದ್ದೆ, ಕೆಲವೇ ದಿನಕ್ಕೆ ವೈರು, ಆಕ್ಸಲ್ ಎರಡಕ್ಕೂ ತುಕ್ಕು. ಹೊಸ ಆಕ್ಸಲ್ ಹಾಕ್ಬೇಕಾಯ್ತು. ಈಗ ಬೆಸುಗೆ ಮುಗಿದ ತಕ್ಷಣ ಅಡುಗೆ ಸೋಡಾ ನೀರಲ್ಲಿ ಹಳೇ ಟೂತ್ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಎಣ್ಣೆ ಸವರ್ತೀನಿ.

ಮೋಟಾರನ್ನ ಮೊದ್ಲು 3 ವೋಲ್ಟಲ್ಲಿ ಅರ್ಧ ಗಂಟೆ ಸುಮ್ನೆ ಓಡಿಸಿ, ಒಳಗೆ ಕರೆಂಟ್ ದಾಟಿಸೋ ಬ್ರಷ್‌ಗಳನ್ನ ಸರಿಯಾಗಿ ಕೂರಿಸ್ಕೊಂಡೆ. ಮೋಟಾರಿನ ಪುಟ್ಟ ಗೇರು ಪಿನಿಯನ್‌ಗೆ 9 ಹಲ್ಲು, ಆಕ್ಸಲ್ಲಿನ ದೊಡ್ಡ ಗೇರು ಕ್ರೌನ್‌ಗೆ 27, ಅಂದ್ರೆ ಮೋಟಾರ್ ಮೂರು ಸುತ್ತಿಗೆ ಚಕ್ರ ಒಂದು. ಗೇರ್ ಮಧ್ಯೆ ತೆಳ್ಳನೆ ಕಾಗದದ ಚೂರು ಇಟ್ಟು ಒತ್ತಿ ಫಿಕ್ಸ್ ಮಾಡಿ ಕಾಗದ ಎಳೆದ್ರೆ ಎಷ್ಟು ಬೇಕೋ ಅಷ್ಟೇ ಸಂದು ಉಳಿಯತ್ತೆ. ಹಿಂದಿನ ಟೈರನ್ನ ಹಲಗೆಗೆ ಅಂಟಿಸಿದ ಮರಳು ಕಾಗದದ ಮೇಲೆ ನಿಧಾನಕ್ಕೆ ತಿರುಗಿಸಿ ದುಂಡಗೆ ಮಾಡ್ದೆ. ಮುಂದಿನ ಚಕ್ರ ಟ್ರ್ಯಾಕಿಗೆ ಸುಮ್ನೆ ತಾಗಿದ್ರೆ ಸಾಕು, ಭಾರ ಅದರ ಮೇಲೆ ಬಿದ್ರೆ ಗೈಡ್ ಸೀಳಿಂದ ಮೇಲೇಳತ್ತೆ.

ಕಾರಿನ ಮೇಲ್ಮೈ ಬಾಡಿ ಮಾಡೋಕೆ ಹಗುರವಾದ ಬಾಲ್ಸಾ ಮರದಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ಕಾಯಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ವ್ಯಾಕ್ಯೂಮಲ್ಲಿ ಎಳ್ಕೊಂಡೆ. ಬಣ್ಣ ಒಳಗಡೆಯಿಂದ ಹೊಡೀಬೇಕು, ಹಾಗಾಗಿ ಎಲ್ಲಾ ಉಲ್ಟಾ: ಮೊದ್ಲು ನಂಬರ್, ಆಮೇಲೆ ಪಟ್ಟಿ, ಕೊನೇಗೆ ಕೆಂಪು.

ಮೊದಲನೇ ಓಟದಲ್ಲಿ ಮೂತಿ ಎತ್ತಿ ಎತ್ತಿ ಹಾರ್ತಿತ್ತು. ಗೈಡ್ ಹಿಂದೆ ಚಾಸಿ ಮಟ್ಟಕ್ಕೇ 5 ಗ್ರಾಂ ಸೀಸದ ತಗಡು ಅಂಟಿಸ್ದೆ, ಬಾಡಿ ಸ್ಕ್ರೂಗಳನ್ನ ಅರ್ಧ ಸುತ್ತು ಸಡಿಲ ಮಾಡ್ದೆ, ಬಾಡಿ ಒಂಚೂರು ಅಲ್ಲಾಡಿದ್ರೆ ಚಾಸಿಯ ನಡುಕ ಅದರಲ್ಲೇ ಅಡಗತ್ತೆ. ಶಬ್ದವೇ ಬದಲಾಯ್ತು, ಕರಕರ ಹೋಗಿ ಒಂದೇ ಶ್ರುತಿ. ಹಾರ್ತಿದ್ದ ಅದೇ ತಿರುವಲ್ಲಿ ಬಾಲ ಸ್ವಲ್ಪ ಜಾರಿಸಿ ತಾನೇ ನೆಟ್ಟಗಾಗಿ ಹೋಯ್ತು.

ಆ ಗಾಜಿನ ತುಂಡು ಈಗ್ಲೂ ಮೇಜಿನ ಮೇಲೇ ಇದೆ. ಜೋರಾಗಿ ಹಾರಿ ಬಿದ್ದಾಗೆಲ್ಲ ಬಾಡಿ ಬಿಚ್ಚಿ, ಚಾಸಿಯನ್ನ ಅದರ ಮೇಲಿಟ್ಟು, ನಾಲ್ಕೂ ಮೂಲೆ ಒತ್ತಿ ನೋಡಿದ ಮೇಲೇ ಮತ್ತೆ ಟ್ರ್ಯಾಕಿಗೆ ಇಳಿಸೋದು.